ಆಸ್ಪತ್ರೆಯ ಮೇಜಿನಾಚೆ ಕೂತವರಿಗೊಂದು ಸಿನಿಮಾ

ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಹತ್ತಿರದ ಆಸ್ಪತ್ರೆಗೆ ಹೋಗಿ. ನಾಯಿ ಕಚ್ಚಿದರೆ, ಹಾವು ಕಡಿದರೆ, ಜ್ವರ ಬಿಡದಿದ್ದರೆ, ಎಲ್ಲಕ್ಕೂ ಹತ್ತಿರದ ಆಸ್ಪತ್ರೆಗೆ ಹೋಗಿ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಓದಿದರೂ, ಜಾತ್ರೆಯಲ್ಲಿ ನಿಲ್ಲಿಸಿದ ಪ್ರಚಾರ ವಾಹನದ ಪರದೆ ನೋಡಿದರೂ ಕೊನೆಗೆ ಬರುವುದು ಇದೇ ಮಾತು. ಮಾತು ತಪ್ಪಲ್ಲ. ಆದರೆ ಹೋದ ಮೇಲೆ ಏನು ಎಂಬುದನ್ನು ಆ ಚಿತ್ರಗಳು ಹೇಳುವುದಿಲ್ಲ. ರೋಗಿ ಬಾಗಿಲು ದಾಟುತ್ತಾನೆ, ಬಿಳಿ ಕೋಟಿನ ವೈದ್ಯರು ನಗುತ್ತಾರೆ, ಹಿನ್ನೆಲೆ ಸಂಗೀತ ಏರುತ್ತದೆ, ಇಲಾಖೆಯ ಲಾಂಛನ ಬರುತ್ತದೆ. ಮುಗಿಯಿತು.

ನನಗೆ ಬೇಕಾದ ಸಿನಿಮಾ ಅಲ್ಲಿಂದ ಶುರುವಾಗಬೇಕು.

ಪಕ್ಕದ ತುಮಕೂರು ಜಿಲ್ಲೆಯಲ್ಲಿ 60 ವರ್ಷಗಳಿಗೂ ಹಿಂದೆ ನಡೆದ ಒಂದು ಅಧ್ಯಯನ ಇದಕ್ಕೆ ಕಾರಣ ಕೊಡುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1959ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಸಂಸ್ಥೆಯವರು ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ತುಮಕೂರು ಜಿಲ್ಲೆಯ ಕ್ಷಯ ಸಮೀಕ್ಷೆಯೂ ಒಂದು. ಆ ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾದ ಹಳ್ಳಿಯ ಜನರನ್ನು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಕೂರಿಸಿಕೊಂಡು ವಿಚಾರಿಸಿದರು: ನಿಮಗೆ ಕಾಯಿಲೆ ಇದೆಯೆಂದು ಗೊತ್ತಿತ್ತೇ, ಗೊತ್ತಿದ್ದರೆ ಏನು ಮಾಡಿದಿರಿ? ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. 1963ರಲ್ಲಿ ಪ್ರಕಟವಾದ ಉತ್ತರ ಬೇರೆಯೇ ಇತ್ತು. ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಯಾರೂ ಹೇಳದೆ ತಾವಾಗಿಯೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿ ಬಂದಿದ್ದರು. ಅಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡಿದವರಿಲ್ಲ.

ಕೆಮ್ಮುವವನು ತನ್ನ ಪಾಲಿನದನ್ನು ಮಾಡಿದ್ದ. ಪಾಠ ಬೇಕಾಗಿದ್ದದ್ದು ಮೇಜಿನ ಆಚೆ ಕೂತವರಿಗೆ. ಪ್ರಕಟಣೆಗೆ ಮುಂಚೆಯೇ, ಈ ಅಧ್ಯಯನದ ಬೆಳಕಿನಲ್ಲೇ 1962ರ ಹೊತ್ತಿಗೆ ಜಿಲ್ಲಾ ಕ್ಷಯರೋಗ ಕಾರ್ಯಕ್ರಮದ ರೂಪುರೇಷೆ ಸಿದ್ಧವಾಯಿತು. ಕೆಮ್ಮಿಕೊಂಡು ಬಂದವನ ಕಫವನ್ನು ಆ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು, ಅದಕ್ಕೆ ಪ್ರತಿ ಜಿಲ್ಲೆಯ ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂಬುದು ಅದರ ತಿರುಳು. ಹೀಗಿದ್ದೂ ಇವತ್ತಿಗೂ ಆರೋಗ್ಯದ ಚಲನಚಿತ್ರವೆಂದರೆ ನಮ್ಮ ಕಣ್ಣಿಗೆ ಬರುವುದು ಜನರಿಗೆ ಬುದ್ಧಿ ಹೇಳುವ ಚಿತ್ರವೇ. ದಾದಿಗೆ, ಲ್ಯಾಬ್ ತಂತ್ರಜ್ಞನಿಗೆ, ಆಗಷ್ಟೇ ಎಂಬಿಬಿಎಸ್ ಮುಗಿಸಿ ಕಡ್ಡಾಯ ಸೇವೆಗೆ ಬಂದ ಹುಡುಗ ಹುಡುಗಿಯರಿಗೆ, ಆಶಾ ಕಾರ್ಯಕರ್ತೆಗೆ ರೋಗವನ್ನು ಗುರುತಿಸಲು ಕಲಿಸುವ ಚಿತ್ರ ಎಂದರೆ, ಅಂಥದ್ದೂ ಒಂದಿದೆಯೇ ಎಂದು ಕೇಳುವವರೇ ಹೆಚ್ಚು.

ಇದೆ, ಮತ್ತು ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯದು. ಪ್ಯಾರಿಸಿನಲ್ಲಿ ಝಾಂ ಕೊಮಾಂಡೊ ಎಂಬ ವೈದ್ಯ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಸಿಫಿಲಿಸ್ ರೋಗಾಣು ಸುರುಳಿಸುತ್ತಿ ಓಡಾಡುವುದನ್ನು 1909ರಲ್ಲೇ ಚಿತ್ರಿಸಿದ. ಬಣ್ಣ ಹಾಕಿ ಒಣಗಿಸಿದ ಗಾಜಿನ ಮೇಲೆ ಸತ್ತು ಬಿದ್ದ ಗೆರೆಯಂತಿದ್ದ ಜೀವಿ ವೈದ್ಯರ ಕಣ್ಣೆದುರು ಜೀವಂತ ಚಲಿಸಿತು. ಜನರಿಗೆಂದು ಮಾಡಿದ ಚಿತ್ರಗಳೂ ಜೊತೆಗೇ ಬಂದವು: 1920ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೊಕ್ಕೆಹುಳದ ಮೇಲೊಂದು ಮೂಕಿ ಚಿತ್ರ ಮಾಡಿಸಿ ದೇಶದೇಶಗಳಿಗೆ ಕಳಿಸಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ವಾಲ್ಟ್ ಡಿಸ್ನಿಯ ಏಳು ಕುಳ್ಳರು ಮಲೇರಿಯಾ ಸೊಳ್ಳೆ ಓಡಿಸಲು ಬಂದರು. ಅಟ್ಲಾಂಟಾದಲ್ಲಿ ಯುದ್ಧಕಾಲದ ಮಲೇರಿಯಾ ನಿಯಂತ್ರಣಕ್ಕೆಂದು ಹುಟ್ಟಿ 1946ರಲ್ಲಿ ಸಿಡಿಸಿ ಎಂಬ ಹೆಸರು ಪಡೆದ ಸಂಸ್ಥೆಯಂತೂ ಶುರುವಿನಿಂದಲೇ ಸಿಬ್ಬಂದಿಗೆಂದೇ ತರಬೇತಿ ಚಿತ್ರಗಳನ್ನು ತಯಾರಿಸಿತು.

ರಾಕ್‌ಫೆಲರ್ ಹೆಸರು ಮಂಡ್ಯಕ್ಕೂ ಹೊಸದಲ್ಲ. ಕನ್ನಂಬಾಡಿಯಿಂದ ಹೊರಟ ಇರ್ವಿನ್ ನಾಲೆ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು, 1930ರ ದಶಕದ ಆರಂಭದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ರಾಗಿ ಹೊಲಗಳಿಗೆ ನೀರು ತಂದಿತು. ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನೀರಿನ ಬೆನ್ನಿಗೇ ಮಲೇರಿಯಾದ ಚಿಂತೆಯೂ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆಯಿತು. ಈ ದೇಶದಲ್ಲಿ ಅಂಥ ಪ್ರಯತ್ನಗಳ ಪೈಕಿ ಅದು ಬಹಳ ಹಿಂದಿನದು. ಮುಂದೆ ರಾಮನಗರದಲ್ಲಿ, ಆಗಿನ ಕ್ಲೋಸ್‌ಪೇಟೆಯಲ್ಲಿ, ತರಬೇತಿಯನ್ನೇ ಮುಖ್ಯವಾಗಿ ಇಟ್ಟುಕೊಂಡ ಇನ್ನೊಂದು ಘಟಕ ಬಂತು. ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ನಾಗನಹಳ್ಳಿಯಲ್ಲಿ, ಅತ್ತ ಮೂಡಿಗೆರೆಯಲ್ಲಿ, ಹಿರಿಯೂರಿನಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ಕೆಲಸ ಮಾಡಿದವು.

ಈ ಕೆಲಸದ ಮುಂದಾಳು ಡಾ. ಡಬ್ಲ್ಯು.ಸಿ. ಸ್ವೀಟ್ ಎಂಬ ಅಮೆರಿಕದ ವೈದ್ಯ. ಜೊತೆಗಿದ್ದವರು ಮೈಸೂರು ಸಂಸ್ಥಾನದವರೇ ಆದ ಡಾ. ಬಿ.ಎ. ರಾವ್. ಈ ಇಬ್ಬರೂ 1937ರಲ್ಲಿ ಬರೆದ ಲೇಖನವೊಂದು ಇಂದಿಗೂ ಸೊಳ್ಳೆಶಾಸ್ತ್ರದವರ ಬಾಯಲ್ಲಿದೆ. ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಯ ಎರಡೂ ಬದಿಗೆ ನೀರಿನಲ್ಲಿ ತೇಲಿಸುವ ಗಾಳಿಚೀಲವಿರುತ್ತದೆ. ಅದರ ಮೇಲಿನ ಏಣುಗಳನ್ನು ಎಣಿಸಿ, ಪಟ್ಟಣದ ಸೊಳ್ಳೆ ಬೇರೆ ಹಳ್ಳಿಯ ಸೊಳ್ಳೆ ಬೇರೆ ಎಂದು ಅವರು ತೋರಿಸಿದರು. ಹಳ್ಳಿಯ ಬಗೆಗೆ ಮೈಸೊರೆನ್ಸಿಸ್ ಎಂದು ಹೆಸರು. ಮಲೇರಿಯಾ ಹರಡುವುದರಲ್ಲಿ ಅದು ಅಷ್ಟೇನೂ ಗಟ್ಟಿಗನಲ್ಲ, ಪಟ್ಟಣದ್ದೇ ಅಪಾಯಕಾರಿ. ಈಚಿನ ವರ್ಷಗಳಲ್ಲಿ ಈ ಪಟ್ಟಣದ ಸೊಳ್ಳೆ ಆಫ್ರಿಕಾಕ್ಕೆ ಕಾಲಿಟ್ಟು ಅಲ್ಲಿನ ನಗರಗಳಲ್ಲಿ ಮಲೇರಿಯಾ ಹಬ್ಬಿಸುತ್ತಿರುವಾಗ ಅಲ್ಲಿಯವರು ತಿರುಗಿ ನೋಡುತ್ತಿರುವುದು ನಮ್ಮ ಸೀಮೆಯ ಈ ಹಳೆಯ ಎಣಿಕೆಯನ್ನೇ.

ಆ ಕಾಲದ ಆರೋಗ್ಯ ನಿರೀಕ್ಷಕನಿಗೆ ನಾಲೆಯ ದಡದಲ್ಲಿ ಕಲಿಯಬೇಕಾಗಿದ್ದ ಮೊದಲ ವಿದ್ಯೆ ಮರಿಹುಳ ಗುರುತಿಸುವುದು. ಸೌಟಿನಲ್ಲಿ ನೀರು ಮೊಗೆದು ನೋಡಬೇಕು. ಮಲೇರಿಯಾದ ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿರುತ್ತದೆ. ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಪುಸ್ತಕದಲ್ಲಿ ಇದನ್ನು ಓದಿದವನಿಗೆ ಗದ್ದೆಯ ಬದಿಯಲ್ಲಿ ಬಗ್ಗಿದಾಗ ಅನುಮಾನ ಬರುತ್ತದೆ. ಒಂದು ಸಲ ಚಲಿಸುವ ಚಿತ್ರದಲ್ಲಿ ನೋಡಿದವನಿಗೆ ಬರುವುದಿಲ್ಲ. ನಾನು ಹೇಳಬೇಕೆಂದಿರುವ ವಿಷಯದ ಬೇರು ಇಲ್ಲಿದೆ. ಸೋಂಕು ರೋಗಗಳ ಕಲಿಕೆಯಲ್ಲಿ ಅರ್ಧಕ್ಕರ್ಧ ಕಣ್ಣಿನದು, ಕೈಯದು. ಅದನ್ನು ಸುತ್ತೋಲೆಯಲ್ಲಿ ಬರೆದು ಕಳಿಸಲಾಗುವುದಿಲ್ಲ. ನಾವು ಕಳಿಸುತ್ತಿರುವುದು ಮಾತ್ರ ಸುತ್ತೋಲೆಯನ್ನೇ, ಇಲ್ಲವೇ ಸುತ್ತೋಲೆಯನ್ನೇ ಪರದೆಯ ಮೇಲೆ ಓದಿ ಹೇಳುವ ಸ್ಲೈಡುಗಳನ್ನು.

ಹಾವಿನ ಕಡಿತವನ್ನೇ ತೆಗೆದುಕೊಳ್ಳೋಣ. ಸೋಂಕು ರೋಗವಲ್ಲ ನಿಜ, ಆದರೆ ಭತ್ತ ಕಬ್ಬಿನ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಸಾವು ಇನ್ನೊಂದಿಲ್ಲ. 2000ದಿಂದ 2019ರ ತನಕ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ನಿರ್ಧಾರ. ವರದಿ ಬರೆಯುವ ಮುಂಚೆ ರೋಗಿಯನ್ನು ಉಳಿಸಿಕೊಳ್ಳಬೇಕಲ್ಲ, ಆ ಭಾಗವನ್ನು ನೋಡೋಣ.

ಕಬ್ಬಿನ ತರಗಿನಲ್ಲಿ ಕಾಲಿಟ್ಟವನಿಗೆ ಕೊಳಕುಮಂಡಲ ಕಡಿದಿದೆ. ಅದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಕೆಟ್ಟಿದೆಯೇ ಇಲ್ಲವೇ ತಿಳಿಯಲು ಯಂತ್ರ ಬೇಡ, ಒಂದು ಗಾಜಿನ ನಳಿಕೆ ಸಾಕು. ರಕ್ತನಾಳದಿಂದ 2 ಮಿಲಿ ರಕ್ತ ತೆಗೆದು, ಹೊಸದಾದ, ಒಣಗಿದ, ಶುಚಿಯಾದ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪಾಗದೆ ಹರಿದರೆ ವಿಷ ಏರಿದೆ, ಪ್ರತಿವಿಷ ಕೊಡಬೇಕು. ಮೂರು ಸಾಲಿನಲ್ಲಿ ಬರೆದು ಮುಗಿಸುವ ಪರೀಕ್ಷೆ ಇದು. ಕೆಡುವ ದಾರಿಗಳು ಮಾತ್ರ ಅನೇಕ. ಪ್ಲಾಸ್ಟಿಕ್ ನಳಿಕೆಯಲ್ಲಿ ಹಾಕಿದರೆ ಚೆನ್ನಾಗಿರುವ ರಕ್ತವೂ ಬೇಗ ಹೆಪ್ಪುಗಟ್ಟದು, ಏಕೆಂದರೆ ಆ ಕ್ರಿಯೆಯನ್ನು ಚುರುಕುಗೊಳಿಸುವುದೇ ಗಾಜಿನ ಮೈ. ಸೋಪಿನ ಪುಡಿಯಲ್ಲಿ ತೊಳೆದ ಹಳೆ ನಳಿಕೆಯಾದರೂ ಅದೇ ಕಥೆ. ಐದು ನಿಮಿಷಕ್ಕೊಮ್ಮೆ ಎತ್ತಿ ಅಲ್ಲಾಡಿಸಿ ನೋಡುವ ಆತುರಗಾರನಿಂದಲೂ ಪರೀಕ್ಷೆ ಕೆಡುತ್ತದೆ. ಮೊದಲ ಸಲ ಹೆಪ್ಪಾಯಿತೆಂದು ಮನೆಗೆ ಕಳಿಸಿದರೆ ಇನ್ನೂ ಅಪಾಯ, ವಿಷ ನಿಧಾನವಾಗಿ ಏರುವುದುಂಟು. ಮತ್ತೆ ಮತ್ತೆ ಮಾಡಬೇಕು.

ಈ ಒಂದೊಂದು ತಪ್ಪನ್ನೂ ಕ್ಯಾಮೆರಾ ತೋರಿಸಬಲ್ಲದು. ಒಂದೇ ರಕ್ತವನ್ನು ಗಾಜಿಗೂ ಪ್ಲಾಸ್ಟಿಕ್ಕಿಗೂ ಹಾಕಿ, ಅಕ್ಕಪಕ್ಕ ನಿಲ್ಲಿಸಿ, ಗಡಿಯಾರ ಇಟ್ಟು, 20 ನಿಮಿಷದ ನಂತರ ಎರಡನ್ನೂ ವಾಲಿಸಿದರೆ ಸಾಕು. ಮಾತೇ ಬೇಡ. ರಾತ್ರಿ ಪಾಳಿಯ ಸಿಸ್ಟರ್ ಒಮ್ಮೆ ಇದನ್ನು ನೋಡಿದರೆ ಆಸ್ಪತ್ರೆಯಲ್ಲಿ ಗಾಜಿನ ನಳಿಕೆ ಇಲ್ಲದ ದಿನ ಜಗಳ ತೆಗೆದಾದರೂ ತರಿಸಿಕೊಳ್ಳುತ್ತಾರೆ. ತರಬೇತಿ ಚಿತ್ರ ಯಶಸ್ವಿಯಾಯಿತೇ ಎಂದು ಅಳೆಯಲು ನನ್ನ ಪ್ರಕಾರ ಇದೇ ಸರಿಯಾದ ಅಳತೆ, ಎಷ್ಟು ಜನ ನೋಡಿದರು ಎಂಬ ಲೆಕ್ಕವಲ್ಲ.

ಕಟ್ಟುಹಾವಿನ ಕಥೆ ಇನ್ನೂ ಸೂಕ್ಷ್ಮ. ಇದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುವ ಹಾವು. ಕಬ್ಬು ಕಡಿಯಲು ಬಂದವರ ಗುಡಿಸಲು, ಆಲೆಮನೆಯ ಚಪ್ಪರ, ಕಣದ ಕಾವಲು, ಇವೆಲ್ಲ ಅದಕ್ಕೆ ಅನುಕೂಲದ ಜಾಗ. ಕಡಿತದ ಗುರುತು ಕಾಣುವುದೇ ಕಷ್ಟ. ನೋವು, ಊತ ಎರಡೂ ಇಲ್ಲವೆನ್ನಬಹುದು. ನಸುಕಿನಲ್ಲಿ ಎದ್ದವನಿಗೆ ಹೊಟ್ಟೆನೋವು.

'ಏನ್ ತಿಂದಿದ್ದಪ್ಪಾ ರಾತ್ರಿ?'

'ಮುದ್ದೆ, ಉಪ್ಸಾರು ಕಣ್ ಸಾ, ಇನ್ನೇನಿಲ್ಲ.'

ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವುದು ಎಷ್ಟು ಸುಲಭ! ಕೇಳಬೇಕಾದ ಪ್ರಶ್ನೆ ಏನು ತಿಂದೆ ಎಂಬುದಲ್ಲ, ಎಲ್ಲಿ ಮಲಗಿದ್ದೆ ಎಂಬುದು. ಆಮೇಲೆ ಅವನ ಕಣ್ಣು ನೋಡಬೇಕು. ರೆಪ್ಪೆ ಜಾರುತ್ತಿದೆಯೇ? ಮೇಲೆ ನೋಡು ಎಂದರೆ ಹಣೆ ಸುಕ್ಕುಗಟ್ಟಿಸಿ, ತಲೆಯನ್ನೇ ಹಿಂದಕ್ಕೆ ವಾಲಿಸಿ ನೋಡುತ್ತಿದ್ದಾನೆಯೇ? ಒಂದೇ ಉಸಿರಿಗೆ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿದರೆ ಬರಬರುತ್ತ ಎಣಿಕೆ ಮೊಟಕಾಗುತ್ತಿದೆಯೇ? ಆಗಿದ್ದರೆ ವಿಷ ನರಗಳನ್ನು ಹಿಡಿದಿದೆ, ಮುಂದೆ ಉಸಿರನ್ನೇ ಹಿಡಿಯುತ್ತದೆ. ಇದನ್ನು ನಟನಿಂದ ಮಾಡಿಸಲಾಗದು. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುವುದನ್ನು ಯಾರಾದರೂ ಅಭಿನಯಿಸಬಹುದು. ತೆರೆಯಬೇಕೆಂದು ಹಣೆ ಹೆಣಗುತ್ತಿರುವಾಗ ರೆಪ್ಪೆ ಕೆಳಗೇ ಉಳಿಯುವುದನ್ನು ಅಭಿನಯಿಸುವುದು ಹೇಗೆ?

ಮುಂದಿನದೂ ಚಿತ್ರಕ್ಕೆ ಒಗ್ಗುವಂಥದೇ. ಪ್ರತಿವಿಷ ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ, ಏಕೆಂದರೆ ಹಾವು ಕಡಿಯುವಾಗ ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಮಕ್ಕಳೆಂದರೆ ಔಷಧಿ ಕಡಿಮೆ ಎಂಬ ಅಭ್ಯಾಸ ಬೇರೂರಿದ ಕೈ ಇಲ್ಲಿ ಹಿಂಜರಿಯುತ್ತದೆ. ಸಾಮಾನ್ಯವಾಗಿ 8ರಿಂದ 10 ಸೀಸೆಗಳನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಹರಿಸುತ್ತಾರೆ. ಹರಿಸುವಾಗ ಮೈ ತುರಿಕೆ, ದದ್ದು, ನಡುಕ ಬಂದರೆ ಕೂಡಲೇ ನಿಲ್ಲಿಸಿ ಅಡ್ರಿನಲಿನ್ ಚುಚ್ಚಬೇಕು. ಈ ಅಡ್ಡಪರಿಣಾಮಕ್ಕೆ ಹೆದರಿಯೇ, ನಮಗ್ಯಾಕೆ ಉಸಾಬರಿ ಎಂದು, ಮೊದಲ ಡೋಸನ್ನೂ ಕೊಡದೆ ದೊಡ್ಡಾಸ್ಪತ್ರೆಗೆ ಚೀಟಿ ಬರೆಯುವುದು. ಮಳವಳ್ಳಿಯಿಂದ ಮಂಡ್ಯಕ್ಕೋ ಮೈಸೂರಿಗೋ ಹೋಗುವ ದಾರಿ ಉಸಿರು ನಿಲ್ಲುತ್ತಿರುವವನಿಗೆ ಬಹಳ ಉದ್ದ. ದದ್ದು ಎದ್ದಾಗ ಅನುಭವಿ ವೈದ್ಯರೊಬ್ಬರು ಗಾಬರಿಯಿಲ್ಲದೆ ಹನಿ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ರೋಗಿ ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರುಮಾಡುವುದನ್ನು ಕಣ್ಣಾರೆ ನೋಡಿದ ಕಿರಿಯ ವೈದ್ಯೆಗೆ ಅರ್ಧ ಭಯ ಇಳಿಯುತ್ತದೆ. ಭಯ ಇಳಿಸುವುದಕ್ಕೆ ಮಾರ್ಗಸೂಚಿ ಪುಸ್ತಕ ಬಾರದು. ಸಿನಿಮಾ ಬರುತ್ತದೆ.

ಕುಷ್ಠದ ವಿಷಯಕ್ಕೆ ಬರುತ್ತೇನೆ. 2005ರ ಕೊನೆಯಲ್ಲಿ ದೇಶಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತೆಂದು ನಿರ್ಮೂಲನೆಯ ಘೋಷಣೆಯಾದ ಮೇಲೆ ಕುಷ್ಠ ಬಲ್ಲ ಹಳೆಯ ಕಣ್ಣುಗಳು ಒಬ್ಬೊಬ್ಬರಾಗಿ ನಿವೃತ್ತಿ ಹೊಂದಿದವು. ಕಾಯಿಲೆ ನಿವೃತ್ತಿಯಾಗಲಿಲ್ಲ. ಕಂದು ಚರ್ಮದ ಮೇಲೆ ಮೊದಲ ಮಚ್ಚೆ ಸಾಮಾನ್ಯವಾಗಿ ಕೆಂಪಗೆ ಇರುವುದಿಲ್ಲ, ಬಿಳಿಯೂ ಅಲ್ಲ, ಸುತ್ತಲಿಗಿಂತ ಒಂದಿಷ್ಟು ಬಿಳಿಚಿಕೊಂಡಿರುತ್ತದೆ, ಅಷ್ಟೇ. ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿದರೆ ಕಾಣುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಮಾಯವಾಗುತ್ತದೆ. ರೋಗಿಯ ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮೆಲ್ಲಗೆ ತಾಗಿಸಿ, ಎಲ್ಲಿ ಮುಟ್ಟಿದೆ ತೋರಿಸು ಎನ್ನಬೇಕು. ಮೊಣಕೈ ಹಿಂದಿನ ನರವನ್ನು ಬೆರಳಲ್ಲಿ ತಡವಿ ದಪ್ಪವಾಗಿದೆಯೇ ನೋಡಬೇಕು. ವೈದ್ಯಕೀಯ ಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಚರ್ಮದವೆಂಬ ದೂರು ಈಗ ಪಾಶ್ಚಾತ್ಯ ದೇಶಗಳಲ್ಲಿಯೇ ಎದ್ದಿದೆ. ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ 2020ರಲ್ಲಿ ಕಪ್ಪು ಮತ್ತು ಕಂದು ಚರ್ಮದ ಮೇಲೆ ರೋಗಲಕ್ಷಣ ಹೇಗೆ ಕಾಣುತ್ತದೆಂದು ಒಂದು ಕೈಪಿಡಿಯನ್ನೇ ತಂದ. ನಮ್ಮಲ್ಲಿ ಕಂದು ಚರ್ಮಕ್ಕೆ ಬರವಿಲ್ಲ. ಡೆಂಗಿಯ ದದ್ದು ಮದ್ದೂರಿನ ರೈತನ ತೋಳಿನ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಮದ್ದೂರಿನಲ್ಲೇ ಚಿತ್ರಿಸಬಹುದು.

ಚಿತ್ರಿಸಬಹುದೆಂದು ಬರೆಯುವುದು ಸುಲಭ. ಮಂಡ್ಯ ಸೀಮೆ ದೊಡ್ಡದಲ್ಲ. ಕುಷ್ಠವಿರುವ ಹೆಂಗಸಿನ ಮುಖ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸಿನ ತರಬೇತಿ ಚಿತ್ರದಲ್ಲಿ ಬಂದರೆ ನಾಳೆ ಯಾರದೋ ಫೋನಿನಿಂದ ಇನ್ಯಾರದೋ ಫೋನಿಗೆ ಹಾರಿ, ಸಂತೆಯಲ್ಲಿ 'ಅವ್ಳೇ ಕಣೆ' ಎಂದು ಗುರುತಿಸುವವರು ಸಿಗುತ್ತಾರೆ. ಮಚ್ಚೆಯೊಂದನ್ನೇ ತೋರಿಸಿ ಮುಖ ಬಿಡಬಹುದು. ಹಾವು ಕಡಿದವನ ವಿಷಯದಲ್ಲಿ ಅದೂ ಆಗದು. ಲಕ್ಷಣ ಇರುವುದೇ ಕಣ್ಣಲ್ಲಿ, ಅದನ್ನು ಮಸುಕು ಮಾಡಿದರೆ ಪಾಠವೇ ಅಳಿಸಿಹೋಯಿತು. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಗುಣವಾಗಿ ಮನೆಗೆ ಹೊರಟ ದಿನ ಆ ಚಿತ್ರವನ್ನು ಅವನಿಗೂ ಮನೆಯವರಿಗೂ ತೋರಿಸಿ, ಇದು ಎಲ್ಲೆಲ್ಲಿ ಹೋಗುತ್ತದೆಂದು ಹೇಳಿ, ಬೇಡವೆಂದರೆ ಅಳಿಸುತ್ತೇವೆಂದು ಮಾತು ಕೊಟ್ಟು ಕೇಳಬೇಕು. ಪ್ರಜ್ಞೆ ತಪ್ಪುತ್ತಿರುವ ಹೊತ್ತಿನ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲು ನನಗೆ ಮನಸ್ಸು ಬಾರದು.

ರೇಬಿಸ್ ಬಗ್ಗೆ ಎರಡು ಮಾತು. ಮನುಷ್ಯರ ರೇಬಿಸ್ ಅನ್ನೂ ಕರ್ನಾಟಕ 2022ರ ಡಿಸೆಂಬರಿನಲ್ಲಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ನಾಯಿ ಕಡಿತದ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಸ್ನಾಯುವಿಗಲ್ಲ, ಚರ್ಮದ ಪದರದೊಳಗೆ, 0.1 ಮಿಲಿಯಂತೆ ಎರಡು ಕಡೆ ಕೊಡುತ್ತಾರೆ. ಸೂಜಿ ಸರಿಯಾದ ಪದರದಲ್ಲಿದ್ದರೆ ಅಲ್ಲೊಂದು ಸಣ್ಣ ಗುಬುಟು ಎದ್ದು ಚರ್ಮ ಕಿತ್ತಳೆ ಸಿಪ್ಪೆಯಂತೆ ರಂಧ್ರ ರಂಧ್ರವಾಗಿ ಕಾಣುತ್ತದೆ. ಏಳದಿದ್ದರೆ ಲಸಿಕೆ ಕೆಳಗಿಳಿದಿದೆ, ಪಕ್ಕದಲ್ಲಿ ಇನ್ನೊಮ್ಮೆ ಕೊಡಬೇಕು. ಹತ್ತು ಸೆಕೆಂಡಿನ ಈ ದೃಶ್ಯಕ್ಕೆ ಸಮನಾದ ಪುಟವನ್ನು ಯಾರೂ ಬರೆದಿಲ್ಲ. ಅದಕ್ಕೂ ಮುಂಚೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂದು ಎಲ್ಲರಿಗೂ ಗೊತ್ತು. 15 ನಿಮಿಷ ಎಷ್ಟು ದೀರ್ಘವೆಂಬುದು ನಲ್ಲಿಯ ಕೆಳಗೆ ಕಾಲಿಟ್ಟವರಿಗೇ ಗೊತ್ತು. ನಿರ್ದೇಶಕರಿಗೆ ಧೈರ್ಯವಿದ್ದರೆ ಆ 15 ನಿಮಿಷವನ್ನು ಕತ್ತರಿಸದೆ ಒಮ್ಮೆ ಪೂರ್ತಿ ತೋರಿಸಲಿ.

ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್ ಎನ್ನುವುದು, ಗದ್ದೆ ಬಯಲಿನ ರೋಗ. ಗದ್ದೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಬೆಳ್ಳಕ್ಕಿ, ಹಂದಿಗಳಿಂದ ಮನುಷ್ಯರಿಗೆ ತರುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಮಂಡ್ಯ ಜಿಲ್ಲೆಯಲ್ಲೇ ಸೊಳ್ಳೆ ಹಿಡಿದು ಇದನ್ನು ಅಧ್ಯಯನ ಮಾಡಿದ್ದಾರೆ. ಈಗ ಲಸಿಕೆ ಇದೆ. ಜ್ವರದ ಮಗುವಿನ ಫಿಟ್ಸನ್ನು ಮಾಮೂಲಿ ಫಿಟ್ಸಿನಿಂದ ಬೇರ್ಪಡಿಸಿ ನೋಡುವುದನ್ನು ಮಾತ್ರ ಯಾರಾದರೂ ಕಲಿಸಬೇಕು.

ಈಗ ಇರುವ ಚಿತ್ರಗಳು ಹೇಗಿವೆ? ನಾನು ನೋಡಿದವುಗಳಲ್ಲಿ ಹೆಚ್ಚಿನವು ಗಣ್ಯರ ಸಂದೇಶದಿಂದ ಶುರುವಾಗುತ್ತವೆ. ಆಮೇಲೆ ಮೇಲಿನಿಂದ ತೆಗೆದ ಊರಿನ ನೋಟ, ಡ್ರೋನ್ ಬಾಡಿಗೆಗೆ ತಂದ ಮೇಲೆ ಬಳಸದೆ ಬಿಡುವುದುಂಟೇ? ಆಮೇಲೆ ಕುರ್ಚಿಯಲ್ಲಿ ಕೂತ ತಜ್ಞರ ಮಾತು. ಕೈ ಕಾಣುವುದಿಲ್ಲ, ಗಾಯ ಕಾಣುವುದಿಲ್ಲ, ತಪ್ಪಂತೂ ಕಾಣುವುದೇ ಇಲ್ಲ. ಎಲ್ಲರೂ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಾರೆ. ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ತಂದ ಕನ್ನಡದಲ್ಲಿ ದಾದಿ ರೋಗಿಯನ್ನು 'ತಾವು' ಎಂದು ಕರೆಯುತ್ತಾಳೆ. ಮಳವಳ್ಳಿಯ ವಾರ್ಡಿನಲ್ಲಿ 'ಏನಜ್ಜೀ, ಊಟ ಸೇರ್ತಾ?' ಎನ್ನುವವರೇ ಎಲ್ಲ. ಅಮೆರಿಕದ ವರ್ಮಾಂಟಿನಲ್ಲಿರುವ ಗ್ಲೋಬಲ್ ಹೆಲ್ತ್ ಮೀಡಿಯಾ ಪ್ರಾಜೆಕ್ಟ್ ಎಂಬ ಚಿಕ್ಕ ಸಂಸ್ಥೆ ಬಡ ದೇಶಗಳ ನಿಜವಾದ ಆಸ್ಪತ್ರೆಗಳಲ್ಲೇ ಚಿತ್ರೀಕರಿಸಿ ಕೆಲವೇ ನಿಮಿಷಗಳ ಪಾಠಗಳನ್ನು ಮಾಡುತ್ತದೆ. ತಜ್ಞರ ಮುಖವಿಲ್ಲ, ನವಜಾತ ಶಿಶುವಿನ ಎದೆ ಒಳಸೇದುತ್ತಿರುವುದು ತೆರೆಯ ತುಂಬ. ಮೇಲೊಂದು ದನಿ ಮಾತ್ರ, ಯಾವ ಭಾಷೆಯವರು ಬೇಕಾದರೂ ತಮ್ಮ ದನಿ ಹಾಕಿಕೊಳ್ಳಬಹುದು. ಮಾದರಿ ಬೇಕೆಂದರೆ ಅಲ್ಲಿದೆ.

ಸಲಕರಣೆಗೂ ಕೊರತೆಯಿಲ್ಲ. 1975ರಲ್ಲೇ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡ ಟೀವಿ ಪಾಠ ತಲುಪಿದ ರಾಜ್ಯ ನಮ್ಮದು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ತಾಲ್ಲೂಕು ಪಂಚಾಯಿತಿಗಳ ಸ್ಯಾಟ್‌ಕಾಂ ಕೊಠಡಿಗಳಿಗೆ ನೇರ ತರಬೇತಿ ನೀಡುತ್ತ ಬಂದಿದೆ. ಮಂಡ್ಯದಲ್ಲಿ ಮಿಮ್ಸ್ ಇದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. 2020ರ ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಐಗಾಟ್ ಎಂಬ ಆನ್‌ಲೈನ್ ವೇದಿಕೆ ತೆರೆದು ಸಿಬ್ಬಂದಿಗೆ ವಿಡಿಯೋ ಪಾಠ ಕೊಟ್ಟಿತು. ಪಿಪಿಇ ಕಿಟ್ ಹಾಕಿಕೊಳ್ಳುವುದಕ್ಕಿಂತ ಕಳಚುವುದೇ ಅಪಾಯ, ಮೊದಲು ಕೈಗವಸೋ ಮಾಸ್ಕೋ ಎಂಬುದನ್ನು ಎಷ್ಟೋ ಜನ ಫೋನಿನಲ್ಲೇ ನೋಡಿ ಕಲಿತರು. ಇಲ್ಲದಿರುವುದು ಸಮಯ. ಸಮೀಕ್ಷೆ, ರಿಜಿಸ್ಟರು, ಆ್ಯಪಿನ ನಡುವೆ ಓಡಾಡುವ ಆಶಾ ಕಾರ್ಯಕರ್ತೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೋ ಹಾಕಿ, ನೋಡಿ ಹೆಬ್ಬೆರಳು ಗುರುತು ಒತ್ತಿ ಎಂದರೆ ಅವಳು ಹೆಬ್ಬೆರಳು ಒತ್ತುತ್ತಾಳೆ. ನೋಡುವುದು ಕೆಲಸದ ಭಾಗವಾಗಬೇಕು, ತಿಂಗಳ ಸಭೆಯಲ್ಲಿ ಅದಕ್ಕೆ ಅರ್ಧ ಗಂಟೆ ಮೀಸಲಿರಬೇಕು, ನೋಡಿದ ಕೂಡಲೇ ಅಲ್ಲಿಯೇ ಒಬ್ಬರ ಕೈ ಮೇಲೆ ಇನ್ನೊಬ್ಬರು ಮಾಡಿ ನೋಡಬೇಕು.

ಇನ್ನೊಂದು ತೊಡಕಿದೆ, ಯಾರೂ ಅಷ್ಟಾಗಿ ಗಮನಿಸದ್ದು. ಸಿನಿಮಾ ಹಳತಾಗುತ್ತದೆ, ಫೋನಿನಲ್ಲಿ ಮಾತ್ರ ಸದಾ ಹೊಸದಾಗಿ ಕಾಣುತ್ತದೆ. ಕ್ಷಯಕ್ಕೆ ವಾರಕ್ಕೆ ಮೂರು ದಿನ ಮಾತ್ರೆ ಕೊಡುವ ಪದ್ಧತಿ ಬಿಟ್ಟು ದೇಶವಿಡೀ ದಿನವೂ ಕೊಡುವ ಪದ್ಧತಿಗೆ ಬಂದದ್ದು 2017ರಲ್ಲಿ. ಔಷಧಿಗೆ ಬಗ್ಗದ ಕ್ಷಯಕ್ಕೆ ಆರು ತಿಂಗಳ ಹೊಸ ಚಿಕಿತ್ಸೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2024ರಲ್ಲಿ. ಸೂಕ್ಷ್ಮದರ್ಶಕದ ಕಫ ಪರೀಕ್ಷೆಯ ಜಾಗಕ್ಕೆ ಟ್ರೂನ್ಯಾಟ್ ಯಂತ್ರ ಬರುತ್ತಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯಂತ್ರವದು. ಹಾವು ಕಡಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು ಒಂದು ಕಾಲಕ್ಕೆ ಪುಸ್ತಕದಲ್ಲೇ ಇದ್ದ ಪಾಠ, ಈಗ ಮಾಡಲೇಬಾರದ ತಪ್ಪು. ಪುಸ್ತಕವಾದರೆ ಮುದ್ರಣದ ವರ್ಷ ಇರುತ್ತದೆ. ಫಾರ್ವರ್ಡ್ ಆಗಿ ಬಂದ ನಾಲ್ಕು ನಿಮಿಷದ ವಿಡಿಯೋಗೆ ಇಸವಿಯೂ ಇಲ್ಲ, ಮಾಡಿದವರ ಹೆಸರೂ ಇಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಔಷಧಿ ದಾಸ್ತಾನಿನ ಅವಧಿ ನೋಡಲು ಫಾರ್ಮಸಿಸ್ಟ್ ಇದ್ದಾರೆ. ತರಬೇತಿ ಚಿತ್ರಗಳ ಅವಧಿ ನೋಡಿ, ಮುಗಿದದ್ದನ್ನು ಗುಂಪುಗಳಿಂದ ತೆಗೆಸಿ, ಹೊಸದನ್ನು ಹಾಕಿಸುವ ಕೆಲಸ ಇನ್ನೂ ಯಾರ ಮೇಜಿನ ಮೇಲೂ ಇಲ್ಲ. ಮಿಮ್ಸಿನ ಸಮುದಾಯ ವೈದ್ಯ ವಿಭಾಗ ಇದನ್ನು ವಹಿಸಿಕೊಳ್ಳಬಹುದು. ಮೊದಲ ಚಿತ್ರವಾಗಿ ಆ ಎರಡು ನಳಿಕೆಗಳ ರಕ್ತ ಪರೀಕ್ಷೆಯನ್ನೇ ತೆಗೆಯಲಿ. ಬೇಕಾಗುವುದು ಒಂದು ಫೋನು, ಒಂದು ಗಡಿಯಾರ, 20 ನಿಮಿಷ.